ಸೇತುವೆ ಅಲುಗುವುದು ರೋಗವಲ್ಲ. ಅಲುಗುವ ರೀತಿ ಬದಲಾದರೆ ರೋಗ

ಉಪಗ್ರಹಗಳ ನೆರವಿನಿಂದ ದೊಡ್ಡ ಸೇತುವೆಗಳ ಚಲನೆ ಅಳೆಯುವುದು ಹೇಗೆ? ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ?

ಸುಳ್ಯದ ಗಿರೀಶ್ ಭಾರದ್ವಾಜ್ ಅವರು ಹೊಳೆ ದಾಟಲು ಕಟ್ಟಿಕೊಟ್ಟ ತೂಗುಸೇತುವೆಗಳ ಮೇಲೆ ಒಮ್ಮೆಯಾದರೂ ನಡೆದವರಿಗೆ ಸೇತುವೆ ಅಲುಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಎದುರಿನಿಂದ ಇನ್ನೊಬ್ಬರು ಬಂದರೆ ಸಾಕು, ಕಾಲ ಕೆಳಗಿನ ಹಲಗೆ ಸುದ್ದಿ ಮುಟ್ಟಿಸುತ್ತದೆ. ಸಾವಿರ ಮೀಟರ್ ಉದ್ದದ ಉಕ್ಕಿನ ಸೇತುವೆಯೂ ಹೀಗೇ ಅಲುಗುತ್ತದೆ. ಆದರೆ ಅದರ ಅಲುಗಾಟ ನಿಧಾನ. ಕಾರಿನಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಗಮನಿಸಬೇಕಾದ ಪ್ರಶ್ನೆ 'ಸೇತುವೆ ಅಲುಗುತ್ತಿದೆಯೇ?' ಎಂಬುದಲ್ಲ. 'ನಿನ್ನೆ ಅಲುಗುತ್ತಿದ್ದ ಹಾಗೆಯೇ ಇವತ್ತೂ ಅಲುಗುತ್ತಿದೆಯೇ?' ಎಂಬುದು. ಇದಕ್ಕೆ ಉತ್ತರ ಬೇಕೆಂದರೆ ನಿನ್ನೆಯ ಅಳತೆ ಕೈಯಲ್ಲಿರಬೇಕು. ಕಳೆದ ಮೂವತ್ತು ವರ್ಷಗಳಲ್ಲಿ ಉಪಗ್ರಹ ಆಧಾರಿತ ಸ್ಥಾನ ನಿರ್ಣಯ ವ್ಯವಸ್ಥೆ, ಅಂದರೆ ನಾವು ಸಲೀಸಾಗಿ ಜಿಪಿಎಸ್ ಅನ್ನುವ ತಂತ್ರಜ್ಞಾನ, ದೊಡ್ಡ ಸೇತುವೆಗಳ ಮಟ್ಟಿಗೆ ಮಾಡಿಕೊಟ್ಟ ಮುಖ್ಯ ಕೆಲಸ ಇದು.

ದೊಡ್ಡ ಸೇತುವೆ ಯಾಕೆ ಅಲುಗುತ್ತದೆ?

ಮೂರು ಕಾರಣಗಳು ಮುಖ್ಯ: ಬಿಸಿಲು, ಗಾಳಿ, ಭಾರ.

ಬಿಸಿಲಿನಿಂದ ಶುರು ಮಾಡೋಣ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಒಂದು ಮೀಟರ್ ಉಕ್ಕು ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹಿಗ್ಗುತ್ತದೆ. ಇದೇನು ಮಹಾ ಅನ್ನಿಸಬಹುದು. ಆದರೆ ಸಾವಿರ ಮೀಟರ್ ಸೇತುವೆಗೆ ಹತ್ತು ಡಿಗ್ರಿ ಏರಿಕೆ ಅಂತ ಲೆಕ್ಕ ಹಾಕಿದರೆ ಅದು ಸುಮಾರು 12 ಸೆಂಟಿಮೀಟರ್ ಆಗುತ್ತದೆ. ಸೇತುವೆಯ ತುದಿಗಳಲ್ಲಿ ವಾಹನ 'ಟಕ್' ಅನ್ನಿಸುವ ಎಕ್ಸ್‌ಪಾನ್ಷನ್ ಜಾಯಿಂಟ್‌ಗಳನ್ನು ಇಟ್ಟಿರುವುದು ಈ ಹಿಗ್ಗು-ಕುಗ್ಗಿಗಾಗಿ. ತೂಗುಸೇತುವೆಯಲ್ಲಿ ಇನ್ನೂ ಒಂದು ಸಂಗತಿ ಇದೆ. ಬಿಸಿಲಿಗೆ ಮುಖ್ಯ ಕೇಬಲ್ ಉದ್ದವಾದಾಗ ಅದಕ್ಕೆ ಜೋತುಬಿದ್ದ ರಸ್ತೆಯೂ ಕೆಳಗಿಳಿಯುತ್ತದೆ. ರಾತ್ರಿ ತಂಪಾದಾಗ ಮತ್ತೆ ಮೇಲೇರುತ್ತದೆ. ಪ್ರತಿದಿನ ಹೀಗೆ.

ಗಾಳಿ ಸೇತುವೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ತಳ್ಳುವುದಷ್ಟೇ ಆದರೆ ಪರವಾಗಿಲ್ಲ. ಗಾಳಿ ಮತ್ತು ಸೇತುವೆ ಒಂದಕ್ಕೊಂದು ತಾಳ ಹಾಕಲು ತೊಡಗಿದರೆ ಅಪಾಯ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 853 ಮೀಟರ್ ಅಂತರದ ಟಕೋಮಾ ನ್ಯಾರೋಸ್ ಸೇತುವೆ 1940ರ ಜುಲೈನಲ್ಲಿ ಉದ್ಘಾಟನೆಯಾಗಿ ಅದೇ ನವೆಂಬರ್ 7ರಂದು ಹಗ್ಗದಂತೆ ತಿರುಚಿಕೊಂಡು ಮುರಿದುಬಿತ್ತು. ಆಗ ಇದ್ದ ಗಾಳಿಯ ವೇಗ ಗಂಟೆಗೆ ಸುಮಾರು 64 ಕಿಲೋಮೀಟರ್, ಚಂಡಮಾರುತವೇನಲ್ಲ.

ಇನ್ನು ಭಾರ. ಲಾರಿ, ಬಸ್ಸು, ರೈಲು ಹಾದಾಗ ರಸ್ತೆಯ ಹಾಸು ಕೆಳಗೆ ಬಾಗಿ ಮತ್ತೆ ಮೇಲೇಳುತ್ತದೆ. ಉದ್ದದ ತೂಗುಸೇತುವೆಗಳಲ್ಲಿ ಈ ಬಾಗು ಹತ್ತಾರು ಸೆಂಟಿಮೀಟರ್ ಇರಬಹುದು. ಹಾಗೆ ಬಾಗಲೆಂದೇ ಅದನ್ನು ಕಟ್ಟಿರುತ್ತಾರೆ. ಬಾಗದಿದ್ದರೆ ಮುರಿಯುತ್ತದೆ.

ಫೋನಿನ ಜಿಪಿಎಸ್ ಐದು ಮೀಟರ್ ತಪ್ಪುತ್ತೆ, ಸೇತುವೆಗೆ ಹೇಗೆ ಸಾಕಾಗುತ್ತೆ?

ಸಹಜ ಅನುಮಾನ. ಮ್ಯಾಪ್ ನೋಡಿಕೊಂಡು ಹೋಗುವಾಗ ನಮ್ಮನ್ನು ಪಕ್ಕದ ಸರ್ವಿಸ್ ರಸ್ತೆಯಲ್ಲಿ ತೋರಿಸುವ ಯಂತ್ರ ಸೆಂಟಿಮೀಟರ್ ಅಳೆಯುತ್ತದೆ ಅಂದರೆ ನಂಬುವುದು ಕಷ್ಟ. ಉಪಗ್ರಹಗಳು ಅವೇ, ಆದರೆ ಅಳೆಯುವ ವಿಧಾನ ಬೇರೆ.

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ. ಪ್ರತಿಯೊಂದೂ ರೇಡಿಯೋ ಅಲೆಯ ಮೇಲೆ ಒಂದು ಸಂಕೇತವನ್ನು ಹೊರಿಸಿ ಕಳಿಸುತ್ತದೆ. ಫೋನು ಸಾಮಾನ್ಯವಾಗಿ ಆ ಸಂಕೇತ ತಲುಪಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ಸೇತುವೆ ಮೇಲಿನ ರಿಸೀವರ್ ಸಂಕೇತವನ್ನು ಹೊತ್ತು ತಂದ ಅಲೆಯನ್ನೇ ಅಳೆಯುತ್ತದೆ. ಆ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್, ಹೆಚ್ಚೂಕಮ್ಮಿ ಒಂದು ಗೇಣು.

ಬಟ್ಟೆಯನ್ನು ಗೇಣು ಹಾಕಿ ಅಳೆಯುವುದನ್ನು ನೆನಪಿಸಿಕೊಳ್ಳಿ. ಕೊನೆಯ ಗೇಣು ಪೂರ್ತಿ ಆಗದೆ ಉಳಿದ ತುಂಡನ್ನು ರಿಸೀವರ್ ಒಂದೆರಡು ಮಿಲಿಮೀಟರ್ ನಿಖರತೆಯಲ್ಲಿ ಹೇಳಬಲ್ಲದು. ಆದರೆ ಅದಕ್ಕೂ ಮುಂಚೆ ಎಷ್ಟು ಪೂರ್ತಿ ಗೇಣುಗಳಾದವು ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ. ಹಲವು ಉಪಗ್ರಹಗಳನ್ನು, ಎರಡು ಮೂರು ಬೇರೆ ಬೇರೆ ಉದ್ದದ ಅಲೆಗಳನ್ನು ಒಟ್ಟಿಗೆ ನೋಡಿ, ಎಲ್ಲಕ್ಕೂ ಹೊಂದುವ ಉತ್ತರ ಒಂದೇ ಒಂದು ಉಳಿಯುವವರೆಗೆ ಗಣಿತದಿಂದ ಸೋಸಬೇಕು. ಈ ಎಣಿಕೆ ಒಮ್ಮೆ ಸಿಕ್ಕಿತೆಂದರೆ ಸೆಂಟಿಮೀಟರ್ ಮಟ್ಟದ ಸ್ಥಾನ ಕೈಗೆ ಬಂದಂತೆ.

ಇನ್ನೊಂದು ಉಪಾಯವೂ ಬೇಕು. ವಾಯುಮಂಡಲ ಅಲೆಯನ್ನು ತಡಮಾಡಿಸುತ್ತದೆ, ಉಪಗ್ರಹದ ಗಡಿಯಾರ ಚೂರು ತಪ್ಪಿರುತ್ತದೆ, ಅದರ ಕಕ್ಷೆಯ ಮಾಹಿತಿಯೂ ಪಕ್ಕಾ ಇರುವುದಿಲ್ಲ. ಹಾಗಾಗಿ ಸೇತುವೆಯಿಂದ ಸ್ವಲ್ಪ ದೂರದಲ್ಲಿ, ಅಲುಗದ ಗಟ್ಟಿ ನೆಲದ ಮೇಲೆ ಇನ್ನೊಂದು ರಿಸೀವರ್ ಇಡುತ್ತಾರೆ. ಎರಡೂ ಒಂದೇ ಆಕಾಶವನ್ನು ನೋಡುವುದರಿಂದ ಎರಡಕ್ಕೂ ಹೆಚ್ಚುಕಡಿಮೆ ಒಂದೇ ತಪ್ಪು ತಗಲುತ್ತದೆ. ಅಂಗಡಿಯವರು ಎಣ್ಣೆ ತೂಗಿ ಖಾಲಿ ಡಬ್ಬಿಯ ತೂಕ ಕಳೆಯುವ ಹಾಗೆ, ನೆಲದ ರಿಸೀವರ್‌ನ ತಪ್ಪನ್ನು ಸೇತುವೆಯ ಅಳತೆಯಿಂದ ಕಳೆದುಬಿಡುತ್ತಾರೆ. ಉಳಿಯುವುದು ಸೇತುವೆಯ ನಿಜವಾದ ಚಲನೆ. ಸೆಕೆಂಡಿಗೆ ಹತ್ತು, ಇಪ್ಪತ್ತು ಬಾರಿ ಹೀಗೆ ಅಳೆಯಬಹುದು.

ಹಳೆಯ ವಿಧಾನಗಳಿಗೆ ಏನಾಗಿತ್ತು?

ಸರ್ವೆಯವರ ಟೋಟಲ್ ಸ್ಟೇಷನ್ ಇಂದಿಗೂ ನಿಖರ ಉಪಕರಣ. ಆದರೆ ಅದಕ್ಕೆ ಗುರಿ ಕಣ್ಣಿಗೆ ಕಾಣಬೇಕು. ಮಂಜು ಕವಿದರೆ, ಜೋರು ಮಳೆ ಬಂದರೆ ಕೆಲಸ ನಿಲ್ಲುತ್ತದೆ. ವಿಪರ್ಯಾಸ ಏನೆಂದರೆ ಸೇತುವೆಯನ್ನು ಅಳೆಯಲೇಬೇಕಾದ ಹೊತ್ತು ಬಿರುಗಾಳಿಯದ್ದೇ. ಕಂಪನ ಅಳೆಯುವ ಆಕ್ಸೆಲೆರೋಮೀಟರ್‌ಗೆ ಹವಾಮಾನದ ತೊಂದರೆ ಇಲ್ಲ, ವೇಗದ ನಡುಕವನ್ನು ಅದು ಬಹಳ ಚೆನ್ನಾಗಿ ಹಿಡಿಯುತ್ತದೆ. ಆದರೆ ಬೆಳಗಿನಿಂದ ಸಂಜೆಗೆ ನಿಧಾನವಾಗಿ ಕೆಳಗಿಳಿದ ಸೇತುವೆ ಅದರ ಗಮನಕ್ಕೇ ಬರುವುದಿಲ್ಲ. ಯಾಕೆಂದರೆ ಅದು ಅಳೆಯುವುದು ಸ್ಥಾನವನ್ನಲ್ಲ, ವೇಗದಲ್ಲಾಗುವ ಬದಲಾವಣೆಯನ್ನು.

ಉಪಗ್ರಹ ವಿಧಾನ ಮಳೆ, ಮಂಜು, ರಾತ್ರಿ ನೋಡುವುದಿಲ್ಲ. ಎರಡು ಬಿಂದುಗಳು ಒಂದಕ್ಕೊಂದು ಕಾಣಬೇಕಿಲ್ಲ. ಗೋಪುರದ ತುದಿ, ಕೇಬಲ್, ರಸ್ತೆಯ ಮಧ್ಯ, ಎಲ್ಲ ಕಡೆಯ ಅಳತೆಗಳೂ ಒಂದೇ ಗಡಿಯಾರಕ್ಕೆ ಕಟ್ಟಿಕೊಂಡಿರುತ್ತವೆ. ಗಾಳಿ ಬೀಸಿದ ಆ ಕ್ಷಣದಲ್ಲಿ ಇಡೀ ಸೇತುವೆ ಯಾವ ಆಕಾರದಲ್ಲಿತ್ತು ಅನ್ನುವುದನ್ನೇ ಬಿಡಿಸಬಹುದು. ಹಾಗಾಗಿ ಇಂದು ಒಳ್ಳೆಯ ವ್ಯವಸ್ಥೆಗಳಲ್ಲಿ ಜಿಪಿಎಸ್ ಮತ್ತು ಆಕ್ಸೆಲೆರೋಮೀಟರ್ ಎರಡನ್ನೂ ಜೋಡಿಯಾಗಿ ಇಡುತ್ತಾರೆ.

ಇದು ಶುರುವಾಗಿದ್ದು ಎಲ್ಲಿ?

ಆರಂಭದ ಪ್ರಯೋಗಗಳಲ್ಲಿ ಹೆಸರಾದದ್ದು ಇಂಗ್ಲೆಂಡಿನ ಹಂಬರ್ ಸೇತುವೆಯದು. 1981ರಲ್ಲಿ ಸಂಚಾರಕ್ಕೆ ತೆರೆದ ಇದರ ಎರಡು ಗೋಪುರಗಳ ನಡುವಿನ ಅಂತರ 1,410 ಮೀಟರ್. 1998ರವರೆಗೆ ಜಗತ್ತಿನ ಅತಿ ಉದ್ದದ ತೂಗು ಅಂತರ ಇದೇ ಆಗಿತ್ತು. 1990ರ ದಶಕದ ನಡುವಿನಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿದಾಲ್ ಆಶ್ಕೆನಾಜಿ, ಗೆಥಿನ್ ರಾಬರ್ಟ್ಸ್ ಮತ್ತು ಸಂಗಡಿಗರು ಅಲ್ಲಿ ಜಿಪಿಎಸ್ ಆಂಟೆನಾ ಇಟ್ಟು ಚಲನೆಯನ್ನು ದಾಖಲಿಸಿದರು. ಅಮೆರಿಕದ ಸೇನೆ ನಾಗರಿಕರ ಜಿಪಿಎಸ್‌ಗೆ ಬೇಕಂತಲೇ ತಪ್ಪು ಬೆರೆಸುತ್ತಿದ್ದ ಕಾಲವದು; ಆ ಪದ್ಧತಿ ನಿಂತಿದ್ದು 2000ದ ಮೇ ತಿಂಗಳಲ್ಲಿ. ಆದರೂ ನೆಲದ ರಿಸೀವರ್‌ನ ಉಪಾಯದಿಂದ ಆ ತಪ್ಪನ್ನೂ ಕಳೆಯಲು ಸಾಧ್ಯವಾಯಿತು.

ಪ್ರಯೋಗವನ್ನು ಶಾಶ್ವತ ವ್ಯವಸ್ಥೆ ಮಾಡಿದವರಲ್ಲಿ ಹಾಂಗ್‌ಕಾಂಗ್‌ನವರು ಮುಂದು. ಅಲ್ಲಿನ ತ್ಸಿಂಗ್ ಮಾ ಸೇತುವೆ 1997ರಲ್ಲಿ ತೆರೆಯಿತು. ಗೋಪುರಗಳ ನಡುವಿನ ಅಂತರ 1,377 ಮೀಟರ್. ಮೇಲೆ ರಸ್ತೆ, ಒಳಗೆ ರೈಲು. ವಿಮಾನ ನಿಲ್ದಾಣಕ್ಕೆ ಹೋಗುವ ದಾರಿ, ಮೇಲಾಗಿ ಟೈಫೂನ್ ಬೀಸುವ ಸಮುದ್ರ. 2000ದ ಆಸುಪಾಸಿನಲ್ಲಿ ಇದಕ್ಕೂ ಪಕ್ಕದ ಕಾಪ್ ಶುಯಿ ಮುನ್, ತಿಂಗ್ ಕಾವ್ ಸೇತುವೆಗಳಿಗೂ ಸೇರಿಸಿ ಜಿಪಿಎಸ್ ಜಾಲ ಹಾಕಿದರು. ತ್ಸಿಂಗ್ ಮಾ ಒಂದರ ಮೇಲೇ 14 ರಿಸೀವರ್‌ಗಳು.

ಜಪಾನಿನ ಆಕಾಶಿ ಕೈಕ್ಯೊ ಸೇತುವೆಯ ಕತೆ ಬೇರೊಂದು ಪಾಠ ಹೇಳುತ್ತದೆ. ಅದು ಕಟ್ಟುವ ಹಂತದಲ್ಲಿದ್ದಾಗ 1995ರ ಜನವರಿ 17ರಂದು ಕೋಬೆ ಭೂಕಂಪ ಆಯಿತು. ಗೋಪುರಗಳೇನೋ ನಿಂತವು. ಆದರೆ ಅವುಗಳ ನಡುವಿನ ನೆಲವೇ ಸರಿದು, ವಿನ್ಯಾಸದಲ್ಲಿ 1,990 ಮೀಟರ್ ಇದ್ದ ಅಂತರ 1,991 ಮೀಟರ್ ಆಯಿತು. ಸೇತುವೆ ಒಂದೇ ಅಲ್ಲ, ಅದು ನಿಂತ ನೆಲವೂ ಚಲಿಸುತ್ತದೆ.

ಅಂಕಿಯಿಂದ ಆರೋಗ್ಯ ಹೇಳುವುದು ಹೇಗೆ?

ಸ್ಕಾಟ್ಲೆಂಡಿನ ಫೋರ್ತ್ ರಸ್ತೆ ಸೇತುವೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎಡಿನ್‌ಬರ್ಗ್ ಹತ್ತಿರ 1964ರಲ್ಲಿ ತೆರೆದ, 1,006 ಮೀಟರ್ ಅಂತರದ ತೂಗುಸೇತುವೆ. 2004ರಲ್ಲಿ ಅದರ ಮುಖ್ಯ ಕೇಬಲ್‌ಗಳನ್ನು ಬಿಚ್ಚಿ ನೋಡಿದಾಗ ಒಳಗಿನ ತಂತಿಗಳಿಗೆ ತುಕ್ಕು ಹಿಡಿದಿತ್ತು. ಕೇಬಲ್ ಶೇ 8ರಿಂದ 10ರಷ್ಟು ಬಲ ಕಳೆದುಕೊಂಡಿದೆ ಅಂತ ಅಂದಾಜಾಯಿತು. ಮರುವರ್ಷ ಫೆಬ್ರವರಿಯಲ್ಲಿ ನಾಟಿಂಗ್‌ಹ್ಯಾಮ್ ತಂಡ ಅಲ್ಲಿ ಜಿಪಿಎಸ್ ಪರೀಕ್ಷೆ ನಡೆಸಿತು. ಮೊದಲೇ ತೂಗಿದ ಲಾರಿಗಳನ್ನು ಸೇತುವೆ ಮೇಲೆ ಓಡಿಸಿ ಎಷ್ಟು ಬಾಗುತ್ತದೆ ನೋಡುವುದು ಆ ಪರೀಕ್ಷೆಯ ಒಂದು ಭಾಗ.

ಇಂಥ ಪರೀಕ್ಷೆಯ ಉಪಯೋಗ ಇಷ್ಟು. ಸೇತುವೆಗೆ ಕಂಪ್ಯೂಟರಿನಲ್ಲಿ ಒಂದು ಮಾದರಿ ಇರುತ್ತದೆ. ಇಷ್ಟು ಟನ್ ಇಲ್ಲಿ ನಿಂತರೆ ಇಷ್ಟು ಸೆಂಟಿಮೀಟರ್ ಬಾಗಬೇಕು ಅಂತ ಅದು ಹೇಳುತ್ತದೆ. ನಿಜವಾದ ಬಾಗು ಅದಕ್ಕೆ ಹೊಂದಿದರೆ ಮಾದರಿಯನ್ನು ನಂಬಬಹುದು. ಹೊಂದದಿದ್ದರೆ ಮಾದರಿ ತಪ್ಪು, ಇಲ್ಲವೇ ಸೇತುವೆ ಬದಲಾಗಿದೆ. ಎರಡರಲ್ಲಿ ಯಾವುದು ಅಂತ ಹುಡುಕಲೇಬೇಕು.

ಎರಡನೆಯ ಸುಳಿವು ತೂಗಾಟದ ಲಯ. ಪ್ರತಿ ಸೇತುವೆಗೂ ತನ್ನದೇ ಲಯವಿದೆ. ಒಂದು ಕಿಲೋಮೀಟರ್ ಅಂತರದ ತೂಗುಸೇತುವೆ ಸುಮಾರು ಹತ್ತು ಸೆಕೆಂಡಿಗೆ ಒಮ್ಮೆ ಮೇಲೆ-ಕೆಳಗೆ ತೂಗುತ್ತದೆ. ಬಿಗಿತ ಕಡಿಮೆಯಾದರೆ ಲಯ ನಿಧಾನವಾಗುತ್ತದೆ, ಶ್ರುತಿ ಸಡಿಲಾದ ವೀಣೆಯ ತಂತಿಯ ಹಾಗೆ. ಆದರೆ ಬಿಸಿಲು ಹೆಚ್ಚಾದರೂ, ವಾಹನ ದಟ್ಟಣೆ ಹೆಚ್ಚಾದರೂ ಲಯ ಸ್ವಲ್ಪ ಬದಲಾಗುತ್ತದೆ. ಅದಕ್ಕೇ ಒಂದು ದಿನದ ಅಳತೆಗೆ ಬೆಲೆ ಕಡಿಮೆ. ಬೇಸಿಗೆ, ಮಳೆಗಾಲ, ಚಳಿಗಾಲ ಎಲ್ಲ ಸೇರಿ ಕೆಲವು ವರ್ಷಗಳ ದಾಖಲೆ ಇದ್ದರೆ 'ಈ ಗಾಳಿಗೆ, ಈ ಬಿಸಿಲಿಗೆ ಈ ಸೇತುವೆ ಇಷ್ಟು ಅಲುಗುವುದು ಮಾಮೂಲು' ಅನ್ನುವ ಗೆರೆ ಎಳೆಯಬಹುದು. ಗೆರೆ ದಾಟಿದ ದಿನ ಎಂಜಿನಿಯರ್ ಎದ್ದು ಕೂರಬೇಕು. ಫೋರ್ತ್‌ನಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ನೆರವಿನ ಜಿಯೋಎಸ್‌ಎಚ್‌ಎಂ ಯೋಜನೆ ಮಾಡಹೊರಟಿದ್ದು ಇದನ್ನೇ: ಗಾಳಿಯ ಅಳತೆ ಮತ್ತು ಚಲನೆಯ ಅಳತೆಯನ್ನು ಒಟ್ಟಿಗೆ, ಸತತವಾಗಿ ನೋಡುವುದು.

ತೊಡಕುಗಳೇನು?

ಮೊದಲನೆಯದು ಎತ್ತರ. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಿನ ಅರ್ಧ ಆಕಾಶದಲ್ಲೇ ಇರುತ್ತವೆ, ಕಾಲ ಕೆಳಗೆ ಯಾವುದೂ ಕಾಣುವುದಿಲ್ಲ. ಹಾಗಾಗಿ ಅಕ್ಕಪಕ್ಕದ ಚಲನೆ ಸುಮಾರು ಒಂದು ಸೆಂಟಿಮೀಟರ್ ನಿಖರತೆಯಲ್ಲಿ ಸಿಕ್ಕರೆ, ಮೇಲೆ-ಕೆಳಗಿನ ಚಲನೆಯಲ್ಲಿ ತಪ್ಪು ಅದರ ಎರಡರಷ್ಟೋ ಇನ್ನೂ ಹೆಚ್ಚೋ ಇರುತ್ತದೆ. ಸೇತುವೆಗೆ ಮುಖ್ಯವಾದದ್ದು ಮೇಲೆ-ಕೆಳಗಿನ ಬಾಗು ಅನ್ನುವುದೇ ಇಲ್ಲಿನ ಕಷ್ಟ.

ಎರಡನೆಯದು ಪ್ರತಿಫಲನ. ಉಕ್ಕಿನ ಗೋಪುರ, ಕೇಬಲ್, ಹಾದುಹೋಗುವ ಕಂಟೇನರ್ ಲಾರಿ, ಇವುಗಳಿಗೆ ಬಡಿದು ಸುತ್ತುಬಳಸಿ ಬಂದ ಅಲೆ ಆಂಟೆನಾವನ್ನು ಮೋಸ ಮಾಡುತ್ತದೆ. ಇದನ್ನು ತಗ್ಗಿಸಲು ಬಳೆಗಳಂತೆ ಒಂದರೊಳಗೊಂದು ಲೋಹದ ವೃತ್ತಗಳಿರುವ ಆಂಟೆನಾ ಬಳಸುತ್ತಾರೆ. ಇನ್ನೊಂದು ಜಾಣತನವೂ ಇದೆ. ಜಿಪಿಎಸ್ ಉಪಗ್ರಹಗಳು ಪ್ರತಿದಿನ ಸುಮಾರು ನಾಲ್ಕು ನಿಮಿಷ ಮುಂಚೆ ಆಕಾಶದ ಅದೇ ಜಾಗಕ್ಕೆ ಬರುತ್ತವೆ. ಗೋಪುರ, ಕೇಬಲ್‌ಗಳಿಂದ ಆಗುವ ಮೋಸವೂ ಅದೇ ಹೊತ್ತಿಗೆ ಮರುಕಳಿಸುತ್ತದೆ. ಆದ್ದರಿಂದ ಅದನ್ನು ಗುರುತಿಸಿ ತೆಗೆಯಬಹುದು.

ಮೂರನೆಯದು ಸೇತುವೆಯ ಗಾತ್ರ. ಮೂವತ್ತು ನಲವತ್ತು ಮೀಟರಿನ ಕಾಂಕ್ರೀಟ್ ಗರ್ಡರ್ ಲಾರಿಗೆ ಬಾಗುವುದು ಕೆಲವೇ ಮಿಲಿಮೀಟರ್. ಜಿಪಿಎಸ್‌ನ ತಪ್ಪೇ ಅದಕ್ಕಿಂತ ದೊಡ್ಡದು. ಅಂದರೆ ಈ ಅಳತೆಗೋಲು ಚೆನ್ನಾಗಿ ಕೆಲಸ ಮಾಡುವುದು ಉದ್ದದ, ಬಳುಕುವ ಸೇತುವೆಗಳಿಗೆ. ಚಿಕ್ಕ ಸೇತುವೆಯ ಕಂಬ ತಿಂಗಳುಗಟ್ಟಲೆ ಕುಸಿಯುತ್ತಿದ್ದರೆ, ಗಂಟೆಗಟ್ಟಲೆ ದಾಖಲಿಸಿ ಸರಾಸರಿ ತೆಗೆದು ಅದನ್ನು ಹಿಡಿಯಬಹುದು. ಲಾರಿ ಹಾದ ಕ್ಷಣದ ಬಾಗನ್ನಲ್ಲ.

ರೇಡಾರ್ ಉಪಗ್ರಹಗಳ ಚಿತ್ರದಿಂದ ಸೇತುವೆ ಅಳೆಯುವುದು ಇದಕ್ಕಿಂತ ಬೇರೆ ವಿದ್ಯೆ. ಅದು ಸೇತುವೆ ಮೇಲೆ ಏನನ್ನೂ ಇಡದೆ ಕೆಲವು ದಿನಗಳಿಗೊಮ್ಮೆ ಮೇಲಿನಿಂದ ನೋಡುತ್ತದೆ. ಇಟಲಿಯ ಜಿನೋವಾದಲ್ಲಿ 2018ರ ಆಗಸ್ಟ್ 14ರಂದು ಮೊರಾಂಡಿ ಸೇತುವೆ ಕುಸಿದು 43 ಜನ ಸತ್ತರು. ಕುಸಿತಕ್ಕೂ ಮುಂಚಿನ ರೇಡಾರ್ ಚಿತ್ರಗಳಲ್ಲಿ ಅಸಹಜ ಚಲನೆ ಕಾಣುತ್ತದೆ ಎಂದು 2019ರಲ್ಲಿ ಒಂದು ತಂಡ ಬರೆಯಿತು. ಮರುವರ್ಷ ಇನ್ನೊಂದು ತಂಡ ಅದನ್ನು ಒಪ್ಪಲಿಲ್ಲ. ಸೇತುವೆ ಬಿದ್ದ ಮೇಲೆ ಹಳೆಯ ಅಂಕಿಗಳಲ್ಲಿ ಎಚ್ಚರಿಕೆ ಹುಡುಕುವುದೇ ಇಷ್ಟು ಕಷ್ಟವಾದರೆ, ಬೀಳುವ ಮುಂಚೆ ಕಾಣುವುದು ಇನ್ನೆಷ್ಟು ಕಷ್ಟ ಅನ್ನುವುದನ್ನು ಯೋಚಿಸಬೇಕು.

ಏನು ಕಾಣುವುದಿಲ್ಲ?

2015ರ ಡಿಸೆಂಬರಿನಲ್ಲಿ ಫೋರ್ತ್ ಸೇತುವೆಯನ್ನು ದಿಢೀರನೆ ಮುಚ್ಚಿದರು. ಆಗ ದಿನಕ್ಕೆ ಸುಮಾರು 70 ಸಾವಿರ ವಾಹನಗಳು ಓಡಾಡುತ್ತಿದ್ದ ಸೇತುವೆ ಅದು. ಕಾರಣ, ಗೋಪುರದ ಹತ್ತಿರ ರಸ್ತೆಯ ಹಾಸನ್ನು ಹಿಡಿದಿಡುವ ಒಂದು ಉಕ್ಕಿನ ಭಾಗದಲ್ಲಿ ಸುಮಾರು 20 ಮಿಲಿಮೀಟರ್ ಬಿರುಕು. ತಿರುಗಬೇಕಾದ ಪಿನ್ ಒಂದು ಬಿಗಿದುಕೊಂಡಿದ್ದರಿಂದ ಆ ಭಾಗದ ಮೇಲೆ ಬೀಳಬಾರದ ಒತ್ತಡ ಬಿದ್ದಿತ್ತು. ಲಘು ವಾಹನಗಳಿಗೆ ಸೇತುವೆ ಡಿಸೆಂಬರ್ 23ಕ್ಕೆ ತೆರೆಯಿತು. ಎಲ್ಲ ಭಾರಿ ಲಾರಿಗಳಿಗೆ ತೆರೆಯಲು ಮುಂದಿನ ಫೆಬ್ರವರಿವರೆಗೆ ಕಾಯಬೇಕಾಯಿತು.

ಆ ಬಿರುಕನ್ನು ಕಂಡಿದ್ದು ಉಪಗ್ರಹವಲ್ಲ, ತಪಾಸಣೆಗೆ ಹೋದ ಮನುಷ್ಯರು. ಒಂದು ಕೊಂಡಿಯಲ್ಲಿ ಬೆರಳಿನಗಲ ಬಿರುಕು ಬಿಟ್ಟರೆ ಸಾವಿರ ಮೀಟರ್ ಸೇತುವೆಯ ಮಧ್ಯಭಾಗ ಎಲ್ಲಿದೆ ಅನ್ನುವುದರಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಜಿಪಿಎಸ್ ಹೇಳುವುದು ಇಡೀ ದೇಹದ ನಡಿಗೆ ಹೇಗಿದೆ ಅಂತ. ಯಾವ ಹಲ್ಲಿಗೆ ಹುಳುಕು ಹಿಡಿದಿದೆ ಅಂತ ಅಲ್ಲ. ಬಾಯಿ ತೆರೆದು ನೋಡುವ ಕೆಲಸ ತಪ್ಪುವುದಿಲ್ಲ.

ನಮ್ಮ ಸೇತುವೆಗಳಿಗೆ ಇದರಿಂದ ಏನು?

ಗುಜರಾತಿನ ಮೊರ್ಬಿಯಲ್ಲಿ 2022ರ ಅಕ್ಟೋಬರ್ 30ರಂದು ತೂಗುಸೇತುವೆ ಹರಿದು 135 ಜನ ಸತ್ತರು. ದುರಸ್ತಿ ಮುಗಿಸಿ ಮತ್ತೆ ತೆರೆದು ಐದು ದಿನವೂ ಆಗಿರಲಿಲ್ಲ. ಒಂದು ಮುಖ್ಯ ಕೇಬಲ್‌ನ 49 ತಂತಿಗಳಲ್ಲಿ 22 ತುಕ್ಕು ಹಿಡಿದಿದ್ದವು ಎಂದು ವಿಶೇಷ ತನಿಖಾ ತಂಡ ಹೇಳಿತು. 2025ರ ಜುಲೈ 9ರಂದು ವಡೋದರಾ ಹತ್ತಿರ ಮಹಿಸಾಗರ ನದಿಯ ಗಂಭೀರಾ ಸೇತುವೆ ಕುಸಿದು 20 ಜನ ಅಥವಾ ಅದಕ್ಕಿಂತ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ನಮ್ಮ ಕಾರವಾರದಲ್ಲಿ 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿದ್ದೇ ಪುಣ್ಯ.

ಇಂಥ ಪ್ರತಿ ಅಪಘಾತದ ನಂತರ 'ಸೆನ್ಸರ್ ಹಾಕುತ್ತೇವೆ, ಉಪಗ್ರಹದಿಂದ ಕಾಯುತ್ತೇವೆ' ಅನ್ನುವ ಮಾತು ಹಿತವಾಗಿ ಕೇಳಿಸುತ್ತದೆ. ಆದರೆ ಮೊರ್ಬಿಯ ಕೇಬಲ್‌ಗೆ ಬೇಕಿದ್ದದ್ದು 20 ಸಾವಿರ ಕಿಲೋಮೀಟರ್ ಮೇಲಿನ ಉಪಗ್ರಹವಲ್ಲ. ಹತ್ತಿರ ಹೋಗಿ ಕೇಬಲ್ ಬಿಚ್ಚಿ ನೋಡುವ ಎಂಜಿನಿಯರ್, ಮತ್ತು 'ತೆರೆಯಬೇಡಿ' ಅಂತ ಬರೆದುಕೊಡುವ ಅಧಿಕಾರ. ದೇಶದಲ್ಲಿರುವ ಸೇತುವೆಗಳಲ್ಲಿ ಬಹುಪಾಲು ಚಿಕ್ಕ, ಗಡಸು ಸೇತುವೆಗಳು. ಅವುಗಳ ಬೇರಿಂಗ್, ಜಾಯಿಂಟ್, ಕಂಬದ ಬುಡದ ಮಣ್ಣು ಕೊರೆತ ನೋಡಲು ದೋಣಿ, ಏಣಿ, ಟಾರ್ಚು ಮತ್ತು ಪುರುಸೊತ್ತು ಬೇಕು.

ಹಾಗಂತ ಉಪಗ್ರಹದ ಅಳತೆ ನಮಗೆ ಬೇಡ ಅಂತಲ್ಲ. ಉದ್ದದ, ಬಳುಕುವ ಸೇತುವೆಗಳ ಕಾಲ ನಮ್ಮಲ್ಲೂ ಬಂದಿದೆ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಎರಡು ಕಿಲೋಮೀಟರ್‌ಗೂ ಉದ್ದದ ಈ ಸೇತುವೆಯ ಮಧ್ಯಭಾಗ ಕೇಬಲ್‌ಗಳ ಮೇಲೆ ನಿಂತಿದೆ. ದಶಕಗಳ ಕಾಲ ಲಾಂಚಿಗೆ ಕಾದ ಜನಕ್ಕೆ ಅದೇ ಈಗ ಜೀವನಾಡಿ. ಇಂಥ ಸೇತುವೆಯನ್ನು ಅಳೆಯಲು ಸರಿಯಾದ ಕಾಲ ಅದು ಹೊಸದಾಗಿರುವಾಗಲೇ. ಗಟ್ಟಿಮುಟ್ಟಾಗಿದ್ದಾಗ ಹೇಗೆ ಅಲುಗುತ್ತಿತ್ತು ಅನ್ನುವ ದಾಖಲೆ ಇಲ್ಲದಿದ್ದರೆ ಮೂವತ್ತು ವರ್ಷದ ಮೇಲೆ ಹೋಲಿಸಲು ಏನೂ ಇರುವುದಿಲ್ಲ.

ಸಲಕರಣೆಯ ಕೊರತೆ ದೊಡ್ಡ ನೆಪವಾಗಲಾರದು. ಸರ್ವೆ ಆಫ್ ಇಂಡಿಯಾ ದೇಶದಾದ್ಯಂತ ಸಾವಿರದಷ್ಟು ಸ್ಥಿರ ಉಪಗ್ರಹ ರಿಸೀವರ್ ಕೇಂದ್ರಗಳ ಜಾಲ ಕಟ್ಟಿದೆ, ಕರ್ನಾಟಕದಲ್ಲೂ ಇವೆ. ಜಮೀನಿನ ಸರ್ವೆಗೆ ಬಳಕೆಯಾಗುವ ಈ ಕೇಂದ್ರಗಳು ಸೇತುವೆ ಹತ್ತಿರದ ನೆಲದ ರಿಸೀವರ್ ನಿಜಕ್ಕೂ ಅಲುಗದೆ ನಿಂತಿದೆಯೇ ಅಂತ ತಾಳೆ ನೋಡಲು ನೆರವಾಗುತ್ತವೆ. ಒಂದು ಕಾಲಕ್ಕೆ ಹಲವು ಲಕ್ಷ ರೂಪಾಯಿ ಆಗುತ್ತಿದ್ದ ರಿಸೀವರ್‌ನ ಕೆಲಸವನ್ನು ಈಗ ಸಾವಿರಗಳ ಲೆಕ್ಕದಲ್ಲಿ ಸಿಗುವ ಚಿಪ್‌ಗಳು ಬಹುಮಟ್ಟಿಗೆ ಮಾಡುತ್ತವೆ.

ಕಷ್ಟ ಇರುವುದು ಆಮೇಲಿನದ್ದರಲ್ಲಿ. ರಿಸೀವರ್ ಕಳಿಸಿದ ಅಂಕಿಯನ್ನು ದಿನವೂ ಓದುವವರು ಯಾರು? ಗೆರೆ ದಾಟಿತು ಅಂತ ಗೊತ್ತಾದಾಗ ರಾತ್ರೋರಾತ್ರಿ ಸೇತುವೆ ಮುಚ್ಚುವ ಅಧಿಕಾರ ಯಾರಿಗೆ? ಮುಚ್ಚಿದ್ದಕ್ಕೆ ಬೈಸಿಕೊಳ್ಳುವುದು ಯಾರು, ಮುಚ್ಚದಿದ್ದಕ್ಕೆ ಹೊಣೆ ಯಾರು? ಗುತ್ತಿಗೆ ಕರೆಯುವ ಮುಂಚೆಯೇ ಈ ಪ್ರಶ್ನೆಗಳಿಗೆ ಹುದ್ದೆಯ ಹೆಸರು ಸಮೇತ ಉತ್ತರ ಬರೆದಿಡಬೇಕು. ಅಳತೆಯ ದಾಖಲೆ ಇಲಾಖೆಯ ಕಪಾಟಿನಲ್ಲಿ ಬೀಗ ಹಾಕಿಕೊಂಡಿರದೆ, ಎಂಜಿನಿಯರಿಂಗ್ ಕಾಲೇಜುಗಳಿಗೂ ಆ ಸೇತುವೆ ದಾಟುವ ಜನಕ್ಕೂ ಸಿಗುವಂತಿರಬೇಕು. ಫೋರ್ತ್ ಸೇತುವೆಯಲ್ಲಿ 20 ಮಿಲಿಮೀಟರ್ ಬಿರುಕಿಗೆ ದಿನಕ್ಕೆ 70 ಸಾವಿರ ವಾಹನಗಳನ್ನು ತಡೆದು ನಿಲ್ಲಿಸಿದ್ದು ಯಾವ ಯಂತ್ರವೂ ಅಲ್ಲ, ಒಂದು ತೀರ್ಮಾನ.